ಮುಡಿ ಕೊಟ್ಟವನ ಫೋಟೋ

ಎಂಬತ್ಮೂರರ ಬೇಸಿಗೆ. ಮಸ್ಕತ್ತಿನ ಭಾರತೀಯ ರಾಯಭಾರ ಕಚೇರಿಯ ಬಾಗಿಲಲ್ಲಿ ಗಾಳಿಗೆ ಮಾಳಿಂಗಪ್ಪನ ತಲೆಯ ಟವೆಲ್ಲು ಹಾರಿ, ಬೋಳುತಲೆ ಕಂಡು ಪಾಳಿ ಹಚ್ಚಿ ನಿಂತವರೆಲ್ಲ ನಕ್ಕರು. ಅವನಿಗೆ ಮಾತ್ರ ಬೆವರು ಇಳಿಯಿತು.

ದೇವದುರ್ಗದ ಕಡೆಯ, ಗೋಡೆ ಕಟ್ಟುವ ಈ ಗೌಂಡಿ ರಜೆಗೆ ಊರಿಗೆ ಹೋದಾಗ, ಪರದೇಶದ ಕೆಲಸಕ್ಕೆ ಅಡ್ಡಿ ಬಾರದಿರಲೆಂದು ಮನೆದೇವರಿಗೆ ತಲೆಗೂದಲು, ಮೀಸೆ ಎರಡನ್ನೂ ಒಪ್ಪಿಸಿ ಬಂದಿದ್ದ. ಈಗ ಅದೇ ಅಡ್ಡಿಯಾಗಿತ್ತು. ಹಳೆಯ ಪಾಸ್‌ಪೋರ್ಟಿನ ಫೋಟೋದಲ್ಲಿದ್ದವನಿಗೆ ಗುಂಗುರು ಕೂದಲು, ಹುರಿಮೀಸೆ. ಅವಧಿ ಮುಗಿಯುತ್ತಿದ್ದ ಆ ಪಾಸ್‌ಪೋರ್ಟು ನವೀಕರಣವಾಗದಿದ್ದರೆ ಕೆಲಸ ಹೋದಂತೆಯೇ.

"ನಿನ್ನ ಜೋಡಿ ನನ್ನನ್ನೂ ಒಳಗ ಹಾಕ್ತಾರಲೇ," ಎಂದ ಜೊತೆಗೆ ಬಂದಿದ್ದ ಮಾನ್ವಿಯ ತಾಯಣ್ಣ.

ಒಳಗೆ, ಧಾರವಾಡದ ಕಡೆಯವರಾದ ಗುಮಾಸ್ತರು ಫೋಟೋ ನೋಡಿದರು, ತಲೆ ನೋಡಿದರು, ಮತ್ತೆ ಫೋಟೋ ನೋಡಿದರು.

"ಇದು ನೀನ ಏನಪಾ?"

"ನಾನ ರೀ ಸಾಹೇಬ್ರ. ಕೂದಲಾ ಅಷ್ಟ ದೇವರ ಹತ್ರ ಅದಾವ. ಉಳಿದದ್ದೆಲ್ಲಾ ತಂದೀನಿ."