ಸೋಮವಾರದ ಚಟ್ನಿ

ಗಾಬರಿ ನನಗೆ ತವರಿನಿಂದ ಬಂದ ಬಳುವಳಿ. ಕುಷ್ಟಗಿಯ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ ಹತ್ತಿ, ಎದುರಿಗೆ ನಿಂತಿದ್ದ ಯಲಬುರ್ಗಾ ಬಸ್ಸು ಬಿಟ್ಟು ಮನೆಗೆ ವಾಪಸು ಬಂದವಳು ನಾನು. ಬಂದು ನೋಡಿದರೆ ಗ್ಯಾಸ್ ಬಂದ್ ಆಗಿಯೇ ಇತ್ತು. ಅತ್ತೆಯವರು ಅದರ ಪಕ್ಕದಲ್ಲೇ ಕೂತು ಶೇಂಗಾ ಹಸನು ಮಾಡುತ್ತಿದ್ದರು. "ಮನಿಯಾಗ ನಾ ಇದ್ನಲ್ಲ, ನಾ ಏನು ಗ್ವಾಡಿ ಮ್ಯಾಲಿನ ಫೋಟೋ ಏನು?" ಎಂದು ನಕ್ಕರು. ಇಂಥ ಪುಕ್ಕಲಿಯ ಕೈಗೆ ಮನೆಯ ವ್ಯಾಪಾರದ ಆರ್ಡರು, ಜಾಹೀರಾತು, ಗಿರಾಕಿಗಳ ಬೈಗುಳ ಎಲ್ಲವೂ ಬಂದು ಬಿದ್ದದ್ದು ದೇವರ ಚೇಷ್ಟೆಯೇ ಸರಿ.

ವ್ಯಾಪಾರವೆಂದರೆ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದ ಆ ಜ್ವರದ ಕಾಲದಲ್ಲಿ ನಮ್ಮವರ ಗಿಣಿಗೇರಾದ ಕಾರ್ಖಾನೆ ಕೆಲಸ ಕೆಲವು ತಿಂಗಳು ನಿಂತಿತ್ತು. ಆಗ ಹೊಟ್ಟೆಪಾಡಿಗೆ ಶುರು ಮಾಡಿದ್ದು, ಅವರು ಮತ್ತೆ ಪಾಳಿಗೆ ಹೋದ ಮೇಲೂ ನಿಲ್ಲಲಿಲ್ಲ. ರೊಟ್ಟಿ ಬಡಿಯಲು ಓಣಿಯ ಇಬ್ಬರು ಬರುತ್ತಾರೆ. ಚಟ್ನಿ ಮಾತ್ರ ಅತ್ತೆಯವರದೇ. ಹುರಿಯುವುದು, ಕುಟ್ಟುವುದು, ಖಾರ ಉಪ್ಪು ಹಾಕುವುದು, ಯಾವುದಕ್ಕೂ ಇನ್ನೊಬ್ಬರ ಕೈ ತಾಗಕೂಡದು.

ನನಗೂ ಅವರಿಗೂ ಮೊದಲಿನಿಂದ ಬಹಳ ಹೊಂದಾಣಿಕೆ ಇತ್ತು ಎಂದರೆ ಸುಳ್ಳು. ಮದುವೆಯ ಮರುದಿನವೇ, ಬೀಗರೆಲ್ಲ ಊಟಕ್ಕೆ ಕೂತಿದ್ದಾಗ, "ಸಾರಿಗೆ ಹುಳಿ ಭಾಳ ಆಗೇತ್ರಿ" ಎಂದು ಬಾಯಿಬಿಟ್ಟ ಸೊಸೆ ನಾನು. ಅತ್ತೆಯವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ವರ್ಷಗಟ್ಟಲೆ ಚುಚ್ಚುತ್ತಿತ್ತು. ಆ ಜ್ವರ ನಮ್ಮ ಮನೆಯವರನ್ನೆಲ್ಲ ಮಲಗಿಸಿ ಹೋದ ಮೇಲೆ ಅದೇನಾಯಿತೋ, ಅವರು ಮೆತ್ತಗಾದರು. ಚಟ್ನಿ ಕುಟ್ಟಿ ಮುಗಿಯುತ್ತಲೇ "ಇಕಾ, ಕೈ ಚಾಚು" ಎಂದು ಕರೆದು ನನ್ನ ಅಂಗೈಯಲ್ಲಿ ಮೊದಲ ಚಿಟಿಕೆ ಹಾಕುವುದು ಶುರುವಾಯಿತು. ನಾನು ಬಾಯಿಗೆ ಹಾಕಿಕೊಂಡು "ಉಪ್ಪು ಒಂದ್ ಚೂರು ಬೇಕ್ರಿ" ಎಂದೋ "ಛಲೋ ಆಗೇತ್ರಿ" ಎಂದೋ ಹೇಳುವವರೆಗೆ ನನ್ನ ಮುಖವನ್ನೇ ನೋಡುತ್ತಿದ್ದರು. ತವರಿಗೆ ಫೋನ್ ಮಾಡಿ, "ಈಗ ನನಗ ಮಗಳಂಗ ಮೊದಲನೇ ತುತ್ತು ಕೊಡ್ತಾರವಾ" ಎಂದು ಹೇಳಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಿದ್ದೆ.

ಒಂದು ದಿನ ಅವರು ಕುಟ್ಟುತ್ತಿದ್ದಾಗ ಫೋನಿನಲ್ಲಿ ವಿಡಿಯೋ ಹಿಡಿದೆ. ಹಚ್ಚೆ ಹಾಕಿದ ಆ ಮುಂಗೈ, ಒರಳಿನ ಸದ್ದು, ಕೊನೆಗೆ ಅವರು ತಲೆಯೆತ್ತಿ "ತಿಂದು ನೋಡ್ರಿ, ಆಮ್ಯಾಲ ಮಾತಾಡ್ರಿ" ಎನ್ನುವುದು. ಅದನ್ನೇ ಜಾಹೀರಾತು ಮಾಡಿ ಬಿಟ್ಟೆ. ಕೊಪ್ಪಳ, ಗಂಗಾವತಿ ದಾಟಿ ಬೆಂಗಳೂರು, ಪುಣೆಯಿಂದ ಆರ್ಡರು ಬರತೊಡಗಿದವು. ಕೈ ಸಾಲದೆ, ಅಲ್ಲಿಯವರೆಗೆ ಸೂಟಿ ಇದ್ದ ಸೋಮವಾರವೂ ಒಲೆ ಹಚ್ಚುವುದು ಶುರುವಾಯಿತು.

ಆಮೇಲೆ ಆರ್ಡರು ಬರೆದಿಡುವ ಶೀಟಿನಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಹೊಸ ಗಿರಾಕಿಗಳು ಬರುತ್ತಿದ್ದರು. ಆದರೆ ಒಮ್ಮೆ ತರಿಸಿದ ಕೆಲವರು ಮತ್ತೆ ತರಿಸುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಬೇಸಾಗುತ್ತಿತ್ತು, ಅವರು ಸುಮ್ಮನೆ ಕಾಣೆಯಾಗುತ್ತಿದ್ದರು. ರೊಟ್ಟಿ ಮುರಿದು ಹೋಗುತ್ತವೆಯೋ, ಡಬ್ಬಿ ಸೋರುತ್ತದೆಯೋ, ಕೊರಿಯರ್‌ನವರು ಎಸೆಯುತ್ತಾರೋ ಎಂದು ಯೋಚಿಸಿ ಯೋಚಿಸಿ ನನಗೆ ಊಟ ಸೇರುತ್ತಿರಲಿಲ್ಲ.

ಫೋನಿನಲ್ಲಿ ಮಾತಾಡುವ ಎಐ ಸಹಾಯಕವನ್ನು ಜಾಹೀರಾತಿನ ಖಾತೆಗೆ, ಆರ್ಡರಿನ ಶೀಟಿಗೆ ಜೋಡಿಸಿದರೆ ಎರಡನ್ನೂ ಕೂಡಿಸಿ ಓದಿ ಹೇಳುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ನೋಡಿದೆ. ಜೋಡಿಸಲು ಕೂತರೆ ಅದು ಅನುಮತಿ ಕೊಡಿ ಎಂದಿತು. ಅನುಮತಿ ಎಂಬ ಶಬ್ದ ಕಂಡರೇ ನನಗೆ ಬೆವರು. ಓದಲು ಮಾತ್ರ, ಬದಲಿಸಲು ಅಲ್ಲ ಎಂದು ಬರೆದಿದ್ದನ್ನು ಬೆರಳಿಟ್ಟು ಓದಿದೆ, ಗಿರಾಕಿಗಳ ಹೆಸರು, ನಂಬರು ಇದ್ದ ಕಾಲಮ್ಮುಗಳನ್ನು ಅಳಿಸಿದೆ, ಆಮೇಲೆ ಒತ್ತಿದೆ. ಪ್ರತಿ ಡಬ್ಬಿ ಯಾವ ದಿನ ತಯಾರಾದದ್ದು ಎಂಬುದು ಶೀಟಿನಲ್ಲಿತ್ತು. ಅದನ್ನು ಹಾಗೇ ಬಿಟ್ಟೆ.

ಅತ್ತೆಯವರು ಬಂದು ಪಕ್ಕದಲ್ಲಿ ಕೂತರು. ಅದು ಪುಸ್ತಕದ ಕನ್ನಡದಲ್ಲಿ "ನಿಮಗೆ ಹೇಗೆ ಸಹಾಯ ಮಾಡಲಿ?" ಎಂದದ್ದು ಕೇಳಿ ಅವರಿಗೆ ನಗು.

"ಸಾಲಿ ಮಾಸ್ತರ ಇದ್ದಂಗ ಐತಲ್ಲ ಇದು. ನಮ್ಮ ಚಟ್ನಿ ತಿಂದು ನೋಡೇತೇನು?"

"ಅದಕ್ಕ ನಾಲಿಗಿ ಎಲ್ಲಿದ್ರಿ, ಅತ್ತೆವ್ವಾ."

"ನಾಲಿಗಿ ಇಲ್ಲದ್ದು ಚಟ್ನಿ ವಿಚಾರ ಹೇಳ್ತೈತಿ!" ಎಂದು ಜೋರಾಗಿ ನಕ್ಕರು. ನಕ್ಕವರು ಅರ್ಧಕ್ಕೆ ನಿಲ್ಲಿಸಿ, ಶೇಂಗಾ ಕೇರುವ ಮರ ಹುಡುಕುವ ನೆಪ ಮಾಡಿ ಎದ್ದು ಹೋದರು. ನಾನು ಅದನ್ನು ಅಷ್ಟಾಗಿ ಲಕ್ಷ್ಯಕ್ಕೆ ತಗೊಳ್ಳಲಿಲ್ಲ.

ಅವರು ಹೋದ ಮೇಲೆ ಬೆರಳಿನಿಂದಲೇ ಪ್ರಶ್ನೆ ಬರೆದೆ: ಒಮ್ಮೆ ತರಿಸಿದವರು ಮತ್ತೆ ಯಾಕೆ ತರಿಸುತ್ತಿಲ್ಲ? ಉತ್ತರ ಬೇಗನೇ ಬಂತು. ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಕರೆತರುತ್ತಿರುವುದು ಹಿರಿಯ ಮಹಿಳೆ ಚಟ್ನಿ ಕುಟ್ಟುವ ವಿಡಿಯೋ, ಅದನ್ನು ಇನ್ನೂ ಹೆಚ್ಚು ಬಳಸಿ. ಆದರೆ ಸೋಮವಾರ ತಯಾರಾದ ಚಟ್ನಿ ಹೋದ ಮನೆಗಳಿಂದ ಮರಳಿ ಆರ್ಡರು ಬಹಳ ಕಡಿಮೆ. ಉಳಿದ ದಿನಗಳ ಚಟ್ನಿ ಹೋದ ಮನೆಗಳಲ್ಲಿ ಹಾಗಿಲ್ಲ, ರೊಟ್ಟಿಯಲ್ಲೂ ಹಾಗಿಲ್ಲ. ಸೋಮವಾರ ಬೇರೆಯವರು ತಯಾರಿಸುತ್ತಿದ್ದಾರೆಯೇ? ಕಾರಣ ಈ ಮಾಹಿತಿಯಲ್ಲಿ ಇಲ್ಲ, ಆ ದಿನ ನಿಮ್ಮಲ್ಲಿ ಏನು ಬೇರೆಯಾಗಿ ನಡೆಯುತ್ತದೆ ಎಂದು ನೀವೇ ನೋಡಬೇಕು.

ಉತ್ತರವನ್ನು ಎರಡು ಸಲ ಓದಿದೆ. ಬೇರೆಯವರು ಎಲ್ಲಿಂದ ಬರಬೇಕು? ಗಿರಾಕಿಯನ್ನು ಕರೆಯುವ ಕೈಯೂ ಓಡಿಸುವ ಕೈಯೂ ಒಂದೇ ಎಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ.

ನಮ್ಮವರಿಗೆ ಫೋನ್ ಮಾಡಿದೆ. ವಾರವೆಲ್ಲ ಗಿಣಿಗೇರಾದಲ್ಲೇ ರೂಮು ಮಾಡಿಕೊಂಡಿರುವ ಮನುಷ್ಯ. ಎಲ್ಲ ಕೇಳಿ, "ಅವ್ವಗ ವಯಸ್ಸಾತಲ್ಲ. ವಿಡಿಯೋದಾಗ ಅಕಿ ಇರ್ಲಿ. ಒಲಿ ಮುಂದ ಬ್ಯಾರೆ ಯಾರನ್ನಾರ ಕುಂದ್ರಸೂಣು" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಇದನ್ನು ಅತ್ತೆಯವರಿಗೆ ಹೇಳುವವರು ಯಾರು? ನಾನೇ. ಹುಳಿ ಜಾಸ್ತಿ ಎಂದು ಮದುವೆ ಮರುದಿನವೇ ಅಂದವಳು ಈಗ ನಿಮ್ಮ ಚಟ್ನಿ ಕೆಟ್ಟಿದೆ ಎಂದರೆ, ಮಷಿನ್ ಹೇಳಿತು ಎಂದರೂ, ಅದು ಸೊಸೆಯ ಮಾತೇ ಆಗುತ್ತದೆ. ಇದಕ್ಕೂ ದೊಡ್ಡ ಭಯ ಇನ್ನೊಂದಿತ್ತು. ಅವರಿಗೆ ಮರೆವು ಶುರುವಾಗಿದೆಯೇ? ಇವತ್ತು ಉಪ್ಪು ಮರೆತವರು ನಾಳೆ ಮನೆಯ ದಾರಿ ಮರೆತರೆ?

ನಮ್ಮ ಮನೆಯ ಸೋಮವಾರದ ಬಗ್ಗೆ ಇಲ್ಲಿ ಹೇಳಬೇಕು. ಆ ದಿನ ಅತ್ತೆಯವರದು ಒಪ್ಪತ್ತು. ಸಂಜೆ ಪೂಜೆಯಾಗಿ ದೇವರಿಗೆ ಎಡಿ ತೋರಿಸುವವರೆಗೆ, ಒಲೆಯ ಮೇಲೆ ಆದದ್ದನ್ನು ಯಾರೂ ಬಾಯಿಗೆ ಹಚ್ಚುವಂತಿಲ್ಲ. ಎಡಿ ಎಂದರೆ ಅನ್ನ, ಸಾರು, ಒಂದಿಷ್ಟು ಸಿಹಿ. ದೇವರು ಶೇಂಗಾ ಚಟ್ನಿ ಕೇಳಿದವನಲ್ಲ. ಆದರೂ ನಿಯಮ ಇಡೀ ಒಲೆಗೆ. ಚಟ್ನಿ ಡಬ್ಬಿಗಳು ಮಧ್ಯಾಹ್ನದ ಕೊರಿಯರ್ ಗಾಡಿಗೆ ಹೊರಟುಹೋಗುತ್ತವೆ, ಮನೆಯ ಊಟಕ್ಕೆ ಹಿಂದಿನ ದಿನದ್ದೇ. ಹೀಗಾಗಿ ಸೋಮವಾರದ ಚಟ್ನಿಯ ರುಚಿ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇಷ್ಟನ್ನೂ ಆಗ ನಾನು ಯೋಚಿಸಿರಲಿಲ್ಲ. ಒಪ್ಪತ್ತಿನ ನಿಶ್ಶಕ್ತಿಯಿಂದ ತಪ್ಪುತ್ತಾರೇನೋ ಎಂದುಕೊಂಡೆ, ಅಷ್ಟೆ.

ಮುಂದಿನ ಸೋಮವಾರ ರೊಟ್ಟಿ ಎಣಿಸುವ ನೆವದಲ್ಲಿ ಅಡುಗೆಮನೆಯ ಬಾಗಿಲಲ್ಲೇ ಕೂತೆ. ಅತ್ತೆಯವರು ಬಾಣಲೆಯಂಥ ಕಬ್ಬಿಣದ ಬುಟ್ಟಿಯಲ್ಲಿ ಶೇಂಗಾ ಹಾಕಿ ಹುರಿಯುತ್ತಿದ್ದರು. ಕಮರು ವಾಸನೆ ಬಾಗಿಲಲ್ಲಿದ್ದ ನನ್ನ ಮೂಗಿಗೆ ಬಂತು. ಅವರು ಮಾತ್ರ ಮುಖ ಒಲೆಯ ಮೇಲಿಟ್ಟುಕೊಂಡೇ ನಿಧಾನವಾಗಿ ಕೈಯಾಡಿಸುತ್ತಿದ್ದರು.

"ಅತ್ತೆವ್ವಾ, ಶೇಂಗಾ ಹತ್ತಾಕತ್ತಾವ್ರಿ!"

"ಗೊತ್ತೈತಿ, ಗೊತ್ತೈತಿ," ಎಂದು ಗಡಬಡಿಸಿ ಉರಿ ಸಣ್ಣ ಮಾಡಿದರು. ಗೊತ್ತಿರಲಿಲ್ಲ ಎಂಬುದು ಅವರ ಮುಖದಲ್ಲೇ ಇತ್ತು.

ಕುಟ್ಟಿದರು. ಖಾರ ಹಾಕಿದರು, ಉಪ್ಪು ಹಾಕಿದರು, ಸ್ವಲ್ಪ ತಡೆದು ಮತ್ತೆ ಉಪ್ಪು ಹಾಕಿದರು. ಆಮೇಲೆ ಚಟ್ನಿಯ ಒಂದು ಚಿಟಿಕೆ ಎತ್ತಿದ ಅವರ ಕೈ ರೂಢಿಯಂತೆ ನನ್ನ ಕಡೆ ಬಂತು. ಅರ್ಧ ದಾರಿಯಲ್ಲಿ ಸೋಮವಾರ ಎಂಬುದು ನೆನಪಾಗಿ ಹಿಂದಕ್ಕೆ ಹೋಯಿತು. ಆ ಚಿಟಿಕೆಯನ್ನು ಒರಳಿಗೆ ಉದುರಿಸಿ ಅವರು ಚಟ್ನಿಯನ್ನೇ ನೋಡುತ್ತ ಕೂತರು. ಅವರ ಮುಖದಲ್ಲಿದ್ದದ್ದು ಗಾಬರಿ. ಅದರ ಪರಿಚಯ ನನಗಿಂತ ಯಾರಿಗಿದೆ?

ಆಗ ಎಲ್ಲ ತಿಳಿಯಿತು. ಉಳಿದ ದಿನ ಆ ಚಟ್ನಿಯನ್ನು ಸರಿಮಾಡುತ್ತಿದ್ದದ್ದು ನನ್ನ ನಾಲಿಗೆ. ಸೋಮವಾರ ಅದು ಇರುತ್ತಿರಲಿಲ್ಲ. ಮಗಳೆಂದು ಕೊಡುತ್ತಾರೆ ಅಂದುಕೊಂಡಿದ್ದ ಮೊದಲ ತುತ್ತು ಮಗಳಿಗಲ್ಲ, ಈ ನಾಲಿಗೆಗೆ. ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಇಷ್ಟು ವರ್ಷ ನನ್ನನ್ನು ಉಪಯೋಗಿಸಿಕೊಂಡರಲ್ಲ ಎಂದು.

ಆದರೂ ಬಾಯಿಂದ ಬಂದದ್ದು ಬೇರೆಯೇ. "ಸೋಮವಾರ ಮದಲಿನಂಗ ಸೂಟಿ ಮಾಡೂಣ್ರಿ, ಅತ್ತೆವ್ವಾ. ನಿಮಗೂ ತ್ರಾಸ ಆಗ್ತೈತಿ."

ಅವರು ನನ್ನನ್ನು ದಿಟ್ಟಿಸಿದರು. "ಏನಂತು ಅದು, ನಿನ್ನ ಮಾಸ್ತರ?"

ಸುಳ್ಳು ಹೇಳಲು ನೋಡಿದೆ, ಬರಲಿಲ್ಲ. "ಸೋಮವಾರದ ಚಟ್ನಿ ತಿಂದವ್ರು ತಿರುಗಿ ಕೇಳವಲ್ಲರಂತ್ರಿ."

ಅವರು ಒರಳಿನ ಅಂಚನ್ನು ಸೆರಗಿನಿಂದ ಒರೆಸಿದರು. "ಆ ಜ್ವರದಾಗ ಎಲ್ಲಾರ ಮೂಗೂ ಹೋಗಿ ತಿರುಗಿ ಬಂದ್ವು. ನಂದು ಬರ್ಲಿಲ್ಲ. ರುಚಿನೂ ಅಷ್ಟಕ್ಕಷ್ಟ. ಮಣ್ಣು ತಿಂದಂಗ ಆಗ್ತೈತಿ."

"ಇಷ್ಟ ದಿನಾ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ಒಲಿ ಮುಂದಿಂದ ಎಬ್ಬಿಸ್ತಿದ್ರಿ."

ನಮ್ಮವರ ಮಾತು ನೆನಪಾಗಿ ನಾನು ತಲೆ ತಗ್ಗಿಸಿದೆ. ಅವರಿಗೆ ಅದು ಗೊತ್ತಿರಲು ಸಾಧ್ಯವೇ ಇಲ್ಲ, ಆದರೂ ಗೊತ್ತಿದ್ದವರಂತೆ ಹೇಳಿದ್ದರು. ಸಿಟ್ಟಿನ್ನೂ ಪೂರ್ತಿ ಇಳಿಯದೆ ಕೇಳಿಯೇಬಿಟ್ಟೆ, "ಮತ್ತ ನನಗ ಯಾಕ ಕೊಡ್ತಿದ್ರಿ? ಓಣಿ ತುಂಬ ಮಂದಿ ಅದಾರ. ರೊಟ್ಟಿ ಬಡಿಯಾಕ ಬರೋರಿಗೆ ಕೊಡಬಹುದಿತ್ತು."

"ಅವರು ಎಲ್ಲಾದಕ್ಕೂ ಛಲೋ ಆಗೇತಿ ಅಂತಾರ. ನನ್ನ ಮಗಾನೂ ಹಂಗ ಅಂತಾನ." ಅವರ ತುಟಿಯ ತುದಿಯಲ್ಲಿ ಸಣ್ಣ ನಗು ಬಂತು. "ಮದುವಿ ಮರುದಿನ, ಅಷ್ಟು ಬೀಗರ ಮುಂದ, ನನ್ನ ಸಾರಿಗೆ ಹುಳಿ ಭಾಳ ಆಗೇತಿ ಅಂದಾಕಿ ನೀ ಒಬ್ಬಾಕಿನ. ಅವತ್ತು ಹುಳಿ ಖರೇನ ಭಾಳ ಆಗಿತ್ತು. ಅವತ್ತ ಅಂದ್ಕೊಂಡೆ, ಈಕಿ ನಾಲಿಗಿ ಸುಳ್ಳು ಹೇಳಂಗಿಲ್ಲ ಅಂತ."

ಇಷ್ಟು ವರ್ಷ ಯಾವ ಮಾತಿಗೆ ನಾಚಿಕೊಂಡು, ಅಂಜಿಕೊಂಡು ಇದ್ದೆನೋ ಅದನ್ನೇ ಅವರು ಜೋಪಾನ ಮಾಡಿ ಇಟ್ಟುಕೊಂಡಿದ್ದರು. ಅಳು ತಡೆಯಲಾಗಲಿಲ್ಲ, ತಡೆಯಲು ನೋಡಲೂ ಇಲ್ಲ.

ಅವರು ದೇವರ ಜಗಲಿಯ ಕಡೆ ಒಮ್ಮೆ ನೋಡಿದರು. ಹಿಂದೆಂದೂ ಸೋಮವಾರದ ನಿಯಮ ಮುರಿದವರಲ್ಲ. ಒರಳಿನಿಂದ ಒಂದು ಚಿಟಿಕೆ ಎತ್ತಿದರು.

"ಇಕಾ, ಕೈ ಚಾಚು. ದೇವರಿಗೆ ನಾ ಹೇಳ್ಕೋತೀನಿ."

ಬಾಯಿಗೆ ಹಾಕಿಕೊಂಡೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಛಲೋ ಆಗೇತಿ ಎಂದುಬಿಡಬೇಕು ಎಂದು ನನ್ನ ಜೀವಮಾನದಲ್ಲಿ ಅಷ್ಟು ಅನಿಸಿದ ಗಳಿಗೆ ಇನ್ನೊಂದಿಲ್ಲ.

"ಕಮರಿ ಕಹಿ ಆಗೇತ್ರಿ, ಅತ್ತೆವ್ವಾ. ಉಪ್ಪೂ ಭಾಳ ಆಗೇತಿ."

ಅವರು ತಲೆಯಾಡಿಸಿ, ಒರಳಿನಲ್ಲಿದ್ದದ್ದನ್ನೆಲ್ಲ ಬಳಿದು ಪಕ್ಕಕ್ಕೆ ಇಟ್ಟು, ಬುಟ್ಟಿ ತೊಳೆದು ಮತ್ತೆ ಒಲೆಗೇರಿಸಿದರು. "ಹಂಗಾರ ಶೇಂಗಾ ತಗೊಂಬಾ. ಈ ಸಲ ನೀ ನನ್ನ ಬಾಜೂಕ ಕುಂದ್ರು."

ಮತ್ತೆ ಹುರಿದು ಕುಟ್ಟುವಷ್ಟರಲ್ಲಿ ಹೊತ್ತಾಗಿ, ಆ ದಿನದ ಡಬ್ಬಿಗಳು ಕೊರಿಯರ್ ಗಾಡಿಗೆ ಹೋಗಲಿಲ್ಲ. ನಮ್ಮವರಿಗೆ ಫೋನ್ ಮಾಡಿ, ಅವ್ವ ಒಲೆ ಮುಂದೆಯೇ ಇರುತ್ತಾರೆ, ಈ ಮಾತು ಇಲ್ಲಿಗೆ ಮುಗಿಯಿತು ಎಂದೆ. ಆಮೇಲೆ ಕೊಪ್ಪಳದ ಮೂಗಿನ ಡಾಕ್ಟರಿಗೂ ತೋರಿಸಿಕೊಂಡು ಬಂದೆವು. ಬಂದರೆ ಬರಬಹುದು, ಬರದೆಯೂ ಇರಬಹುದು ಎಂದರು. ಎಐ ಸಹಾಯಕ ಈಗಲೂ ಜಾಹೀರಾತಿನ ವಿಚಾರ ಹೇಳುತ್ತಿರುತ್ತದೆ, ನಾನು ಕೇಳುತ್ತೇನೆ. ಸೋಮವಾರದ ಚಟ್ನಿ ಹೋದ ಮನೆಗಳಿಂದಲೂ ಈಗ ಮರಳಿ ಆರ್ಡರು ಬರುತ್ತಿವೆ, ಸೋಮವಾರ ಏನು ಬದಲಾಯಿತು ಎಂದು ಅದು ಒಮ್ಮೆ ಕೇಳಿತು. ಉತ್ತರ ಬರೆಯಲಿಲ್ಲ.

ಗಾಬರಿ ಮಾತ್ರ ಎಲ್ಲಿಗೂ ಹೋಗಿಲ್ಲ, ಹೊಸ ಜಾಗ ಹುಡುಕಿಕೊಂಡಿದೆ ಅಷ್ಟೆ. ಮೊನ್ನೆ ಸಣ್ಣ ನೆಗಡಿಯಾಗಿ ಮೂಗು ಕಟ್ಟಿತು. ಬೆಳಗ್ಗೆ ಎದ್ದವಳೇ ಅಡುಗೆಮನೆಗೆ ಓಡಿ, ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದೆ. ವಾಸನೆ ಬರಲಿಲ್ಲ. ಇನ್ನೊಂದು ಜಜ್ಜಿ ಹಿಡಿದೆ. ಹಿಂದೆ ಅತ್ತೆಯವರು ಬಂದು ನಿಂತದ್ದು ಗೊತ್ತಾಗಿ ತಿರುಗಿ ನೋಡಿದೆ. ಅವರೂ ನನ್ನ ಮುಖವನ್ನೇ ನೋಡುತ್ತ ಉಸಿರು ಬಿಗಿಹಿಡಿದು ನಿಂತಿದ್ದರು.