ಏಳು ಮೊದಲೋ ನಲವತ್ತು ಮೊದಲೋ

ನಾನು ಗಣಿತದ ಶಿಕ್ಷಕಿಯಾದದ್ದು ಒಬ್ಬ ಮನುಷ್ಯನ ಮೇಲಿನ ಸಿಟ್ಟಿನಿಂದ. ಬಿ.ಎಡ್. ಸೇರಿದ ಮೊದಲ ದಿನ ಎಲ್ಲರನ್ನೂ ಒಬ್ಬೊಬ್ಬರಾಗಿ ಎಬ್ಬಿಸಿ, ಈ ಕೆಲಸಕ್ಕೆ ಯಾಕೆ ಬಂದಿರಿ ಎಂದು ಕೇಳಿದ್ದರು. ಒಬ್ಬರು ಮಕ್ಕಳ ಮೇಲಿನ ಪ್ರೀತಿ ಎಂದರು, ಇನ್ನೊಬ್ಬರು ದೇಶಸೇವೆ ಎಂದರು. ನಾನೂ ಎದ್ದು, ಗಣಿತ ಅಂದರೆ ನನಗೆ ಪ್ರಾಣ ಎಂದೆ. ಶುದ್ಧ ಸುಳ್ಳು. ಬೆಳಗಾವಿಯ ಟಿಳಕವಾಡಿಯ ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿದ ಮಾಸ್ತರರ ಮುಖದ ನೀರಿಳಿಸಬೇಕು, ಅದಕ್ಕೇ ಬಂದಿದ್ದೇನೆ ಎನ್ನುವ ಧೈರ್ಯ ಅವತ್ತು ಇರಲಿಲ್ಲ.

ಖಾನಾಪುರದ ನಮ್ಮ ಮನೆಯಲ್ಲಿ ಮಾತು ಕನ್ನಡ, ಲೆಕ್ಕ ಮರಾಠಿ. ಅಜ್ಜ ಕುರಿ ಎಣಿಸುತ್ತಿದ್ದದ್ದು ಮರಾಠಿಯಲ್ಲಿ, ಅವ್ವ ಪ್ಯಾಟಿಯಲ್ಲಿ ಚೌಕಾಸಿ ಮಾಡುತ್ತಿದ್ದದ್ದೂ ಮರಾಠಿಯಲ್ಲೇ. ಮನೆಯ ಬಾಜೂಕೆ ಇದ್ದದ್ದು ಮರಾಠಿ ಸಾಲೆಯಾದ್ದರಿಂದ ನಾಲ್ಕನೆಯ ಇಯತ್ತೆಯವರೆಗೆ ಅಲ್ಲಿಯೇ ಕೂತು ‘ಬೇ ಏಕೆ ಬೇ, ಬೇ ದುಣೆ ಚಾರ್’ ಎಂದು ಮಗ್ಗಿ ಕಲಿತೆ. ಕನ್ನಡದಲ್ಲಿ ನಲವತ್ತೇಳು ಎನ್ನುವಾಗ ನಲವತ್ತು ಮೊದಲು ಬರುತ್ತದೆ, ಏಳು ಆಮೇಲೆ. ಮರಾಠಿಯಲ್ಲಿ ಅದೇ ‘ಸತ್ತೇಚಾಳೀಸ’: ಏಳು ಮೊದಲು, ನಲವತ್ತು ಆಮೇಲೆ. ಯಾರಾದರೂ ನಲವತ್ತೇಳು ಎಂದರೆ ನನ್ನ ತಲೆಯೊಳಗೆ ಅದು ಸತ್ತೇಚಾಳೀಸ ಆಗುತ್ತಿತ್ತು. ಗಡಿಬಿಡಿಯಲ್ಲಿ ಕೈ ಏಳನ್ನೇ ಮೊದಲು ಬರೆದುಬಿಡುತ್ತಿತ್ತು. 47 ಹೋಗಿ 74.

ಐದರಿಂದ ಏಳರವರೆಗೆ ಊರಿನ ಕನ್ನಡ ಸಾಲೆ. ಎಂಟನೆಯ ಇಯತ್ತೆಗೆ ನನ್ನನ್ನು ಬೆಳಗಾವಿಯ ಕನ್ನಡ ಹೈಸ್ಕೂಲಿಗೆ ಹಾಕಿದರು. ದಿನಾ ಮುಂಜಾನೆ ಪ್ಯಾಸೆಂಜರ್ ಗಾಡಿ, ಸ್ಟೇಶನ್ನಿನಿಂದ ಸಾಲೆಗೆ ನಡಿಗೆ. ಮಾಸ್ತರರು ಧಾರವಾಡದ ಕಡೆಯವರು, ಹಿಂದವಾಡಿಯಲ್ಲಿ ಮನೆ. ಲೆಕ್ಕ ಬಾಯಲ್ಲಿ ಹೇಳಿ ಬರೆಸುತ್ತಿದ್ದರು. ನಾನು ಬಿಡಿಸುವ ರೀತಿ ಪೂರಾ ಸರಿ ಇರುತ್ತಿತ್ತು, ಬರೆದುಕೊಂಡ ಅಂಕಿಯೇ ತಪ್ಪು. ಹೀಗೇಕೆ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಕೇಳುವುದರ ಬದಲು ಅದನ್ನೊಂದು ಆಟ ಮಾಡಿಕೊಂಡರು. ತಾಸು ಮುಗಿಯಲು ಐದು ನಿಮಿಷ ಇರುವಾಗ ನನ್ನನ್ನು ಹಲಗೆಯ ಹತ್ತಿರ ಕರೆದು, ಕೈಗೆ ಖಡು ಕೊಟ್ಟು, ಒಂದರ ಹಿಂದೆ ಒಂದು ಅಂಕಿ ಹೇಳುವುದು. ನಾನು ಉಲ್ಟಾ ಬರೆಯುವುದು. ತರಗತಿಯೆಲ್ಲ ಬಿದ್ದು ಬಿದ್ದು ನಗುವುದು. ‘ಉಲ್ಟಿ’ ಎಂದೇ ನನ್ನ ಹೆಸರಾಯಿತು. ಅವರು, ಇವರು ಎಂದು ಬರೆಯುತ್ತಿದ್ದೇನಲ್ಲ, ಆ ಮರ್ಯಾದೆ ಬಾಯಿಯ ರೂಢಿ, ಮನಸ್ಸಿನದಲ್ಲ.

ಒಂದು ದಿನ ಅಪ್ಪನನ್ನು ಕರೆಸಿದರು. ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತ, ರಜೆ ಹಾಕಿ ಬಂದಿದ್ದ. ನನ್ನನ್ನು ಎದುರಿಗೇ ನಿಲ್ಲಿಸಿಕೊಂಡು ಮಾಸ್ತರರು ಹೇಳಿದರು: “ಹುಡುಗಿ ತಲಿ ಉಲ್ಟಾ ಐತ್ರಿ. ಗಣಿತ ಇಕಿ ಹಣ್ಯಾಗ ಬರದಿಲ್ಲ. ಹೊಲಿಗಿ-ಗಿಲಿಗಿ ಕಲಸ್ರಿ.”

ಅಪ್ಪ ಕೈ ಮುಗಿದ. ನನ್ನನ್ನು ಬೈದದ್ದನ್ನು ನಾನು ಮರೆತೇನು, ಆ ಮುಗಿದ ಕೈಗಳನ್ನು ಮರೆಯುವುದಿಲ್ಲ. ಅವತ್ತೇ ನಾನು ನಿಶ್ಚಯ ಮಾಡಿದೆ. ಇದೇ ಮನುಷ್ಯ ಎಲ್ಲರೆದುರು ಖಡು ಹಿಡಿದು ತಪ್ಪು ಬರೆಯಬೇಕು, ಬರೆಸುವಾಕೆ ನಾನಾಗಿರಬೇಕು, ನಾನು ಯಾರೆಂದು ಅವನಿಗೆ ಗೊತ್ತಾಗಬೇಕು.

ಹಲ್ಲು ಕಡಿದುಕೊಂಡು ಗಣಿತ ಕಲಿತೆ. ಟಿಕೀಟಿನ ನಂಬರು, ಬಸ್ಸಿನ ನಂಬರು, ಕಂಡದ್ದನ್ನೆಲ್ಲ ಕನ್ನಡದಲ್ಲಿ ಓದಿ ಓದಿ ಕೈಯನ್ನು ಪಳಗಿಸಿದೆ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಖಾನಾಪುರದ ಒಂದು ಹೈಸ್ಕೂಲಿನಲ್ಲಿ ನೌಕರಿ ಹಿಡಿದೆ. ಶಿಕ್ಷಕಿಯನ್ನು ‘ಬಾಯಿ’ ಎನ್ನುವ ನಮ್ಮ ಕಡೆ ನಾನೂ ಗಣಿತದ ಬಾಯಿ ಆದೆ. ಪಾಠ ಮಾಡುವುದನ್ನು ಕಲಿತದ್ದೂ ಆ ಸಿಟ್ಟಿನಿಂದಲೇ. ಅವರು ಏನು ಮಾಡಲಿಲ್ಲವೋ ಅದನ್ನು ಮಾಡುತ್ತೇನೆ ಎಂಬ ಹಟ. ಮಕ್ಕಳ ತಪ್ಪುಗಳಿಗೆಂದೇ ಒಂದು ವಹಿ ಇಟ್ಟೆ. ಎಡಕ್ಕೆ ತಪ್ಪು, ಬಲಕ್ಕೆ ಅದು ಬಂದದ್ದು ಎಲ್ಲಿಂದ ಎಂದು. ಒಬ್ಬ ಹುಡುಗ ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಿ ಐದರಲ್ಲಿ ಎರಡು ಎಂದು ಬರೆದಿದ್ದ. ಯಾಕಪ್ಪಾ ಎಂದರೆ, ಒಂದು ಚಾಚಣಿ ಪರೀಕ್ಷೆಯಲ್ಲಿ ಎರಡಕ್ಕೆ ಒಂದು ಮಾರ್ಕು, ಇನ್ನೊಂದರಲ್ಲಿ ಮೂರಕ್ಕೆ ಒಂದು ಮಾರ್ಕು ಬಿದ್ದರೆ ಒಟ್ಟು ಐದಕ್ಕೆ ಎರಡಲ್ಲವೇನ್ರಿ ಎಂದು ನನ್ನನ್ನೇ ಕೇಳಿದ. ನನಗೆ ಎರಡು ದಿನ ಉತ್ತರ ಹೊಳೆಯಲಿಲ್ಲ. ಇಂಥವು ತುಂಬಿ ತುಂಬಿ ಮೂರು ವಹಿಗಳಾದವು.

ಎರಡು ಸಾವಿರದ ಇಸವಿಯ ಆಜುಬಾಜು ನಮ್ಮ ಸಾಲೆಗೆ ಹೊಸ ಹೆಡ್‌ಮಾಸ್ತರರು ಬಂದರು. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಅವರೇ. ಕೂದಲು ಬೆಳ್ಳಗಾಗಿತ್ತು, ದನಿ ಮಾತ್ರ ಅದೇ. ಅವರಿಗೆ ನನ್ನ ಗುರುತು ಸಿಗಲಿಲ್ಲ. ನಾನೂ ಹೇಳಲಿಲ್ಲ. ಸಮಯ ಬರಲಿ ಎಂದು ಬೆಕ್ಕಿನ ಹಾಗೆ ಕಾಯುತ್ತ ಕೂತೆ.

ಏಪ್ರಿಲ್ ತಿಂಗಳು ಬಂತು. ಒಂಬತ್ತನೆಯ ಇಯತ್ತೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ಮನೆಯ ಮಾತು ಮರಾಠಿ, ಸಣ್ಣ ಸಾಲೆಯೂ ಮರಾಠಿ. ನನ್ನ ಪೇಪರಿನಲ್ಲಿ ಕಷ್ಟಪಟ್ಟು ಪಾಸಾಗಿದ್ದಳು. ಆದರೆ ಹೆಡ್‌ಮಾಸ್ತರರು, ಹತ್ತನೆಯ ಇಯತ್ತೆಯ ರಿಸಲ್ಟು ಕೆಡಬಾರದೆಂದು, ಅಂಚಿನಲ್ಲಿದ್ದ ಮಕ್ಕಳನ್ನೆಲ್ಲ ತಮ್ಮ ಕೋಣೆಗೆ ಕರೆದು ಬಾಯಲ್ಲಿ ಲೆಕ್ಕ ಹೇಳಿ ಬರೆಸಿದರು. ಇವಳು ಅಂಕಿಗಳನ್ನೆಲ್ಲ ಉಲ್ಟಾ ಬರೆದಳು. ಒಂಬತ್ತನೆಯದರಲ್ಲೇ ಇಡೋಣ ಎಂದುಬಿಟ್ಟರು. ಇಟ್ಟರೆ ಆಕೆಯ ಸಾಲೆ ಅಲ್ಲಿಗೆ ಮುಗಿದ ಹಾಗೆ. ನಾಪಾಸಾದರೆ ಅಕ್ಕನ ಜೊತೆ ಹಂಚಿನ ಕಾರ್ಖಾನೆಗೆ ಕಳಿಸುವುದಾಗಿ ಅವಳ ತಾಯಿ ನನಗೆ ಮೊದಲೇ ಹೇಳಿದ್ದಳು.

ಸ್ಟಾಫ್ ರೂಮಿನಲ್ಲಿ ಎಲ್ಲ ಶಿಕ್ಷಕರ ಎದುರು ಅವರು ಆ ಹಾಳೆಯನ್ನು ಎತ್ತಿ ತೋರಿಸಿದರು. “ನೋಡ್ರಿ ಬಾಯಾರ, ಇಕಿ ತಲೀನ ಉಲ್ಟಾ ಐತಿ” ಎಂದರು.

ಅದೇ ಮಾತು. ನಾನು ಎದ್ದು ಖಡು ತೆಗೆದು ಅವರ ಕೈಗೆ ಕೊಟ್ಟೆ. ಹತ್ತು ಅಂಕಿ ಹೇಳುತ್ತೇನೆ, ಮರಾಠಿಯಲ್ಲಿ, ಬರೆಯಿರಿ ಎಂದೆ. ಅವರು ಚೇಷ್ಟೆ ಎಂದುಕೊಂಡರು. ಮೂವತ್ತು ವರ್ಷ ಬೆಳಗಾವಿಯ ನೀರು ಕುಡಿದಿದ್ದೇನೆ ಎಂದು ನಗುತ್ತ ಹಲಗೆಯ ಹತ್ತಿರ ಹೋದರು. ನಾನು ಪುರುಸೊತ್ತು ಕೊಡದೆ ಹೇಳುತ್ತ ಹೋದೆ. ಸದುಸಷ್ಟ ಎಂದರೆ ಅರವತ್ತೇಳು, ಅವರು 76 ಬರೆದರು. ಏಕೋಣಪನ್ನಾಸ ಎಂದರೆ ಐವತ್ತಕ್ಕೆ ಒಂದು ಕಡಿಮೆ, ಅವರು 51 ಬರೆದರು. ಹತ್ತರಲ್ಲಿ ಆರು ತಪ್ಪು. ಮರಾಠಿ ಮನೆಮಾತಿನ ಡ್ರಾಯಿಂಗ್ ಮಾಸ್ತರರು ಮೊದಲು ನಕ್ಕರು, ಆಮೇಲೆ ಎಲ್ಲರೂ. ನನ್ನ ಹೊಟ್ಟೆ ತಣ್ಣಗಾಯಿತು. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ.

ಆಗ ಹೇಳಿದೆ, ನಾನು ಯಾರು, ನನ್ನ ಅಪ್ಪನಿಗೆ ಅವರು ಏನಂದಿದ್ದರು, ಎಲ್ಲ. ಅವರಿಗೆ ಏನೂ ನೆನಪಾಗಲಿಲ್ಲ. ಯಾವ ವರ್ಷದ ಬ್ಯಾಚು ಎಂದು ಕೇಳಿದರು. ಹೇಳಿದೆ. ಇದ್ದಕ್ಕಿದ್ದಂತೆ ಅವರ ಮುಖ ಅರಳಿತು. ನಕ್ಕವರ ಕಡೆ ತಿರುಗಿ, “ನೋಡ್ರಿ, ಅವತ್ತ ನಾ ಹಂಗ ಅಂದಿದ್ದಕ್ಕನ ಇಕಿ ಇವತ್ತ ಗಣಿತದ ಬಾಯಿ ಆಗ್ಯಾಳ” ಎಂದರು. ಕುರ್ಚಿಯಲ್ಲಿ ಕೂತು, ರಿಸಲ್ಟಿನ ಹಾಳೆ ಮುಂದೆ ಎಳೆದುಕೊಂಡು, ಪೆನ್ನು ಬಿಚ್ಚಿ, ನನ್ನನ್ನು ಕೇಳಿದರು: “ಖರೇ ಹೇಳವಾ, ನನ್ನಿಂದನ ಹೌದಲ್ಲ?”

ಆ ಹುಡುಗಿಯ ಹೆಸರಿನ ಮುಂದಿನ ಮನೆ ಖಾಲಿ ಇತ್ತು. ಪೆನ್ನು ಅದರ ಮೇಲೇ ನಿಂತಿತ್ತು. ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಆಡಿದ್ದರೆ ಆ ಪೆನ್ನು ಮುಚ್ಚಿಕೊಳ್ಳುತ್ತಿತ್ತು.

“ಹೌದ್ರಿ ಸರ್. ನಿಮ್ಮಿಂದನ” ಎಂದೆ.

ಅವರು ‘ತೇರ್ಗಡೆ’ ಎಂದು ಬರೆದು ಸಹಿ ಹಾಕಿದರು. ಅಲ್ಲಿಂದ ನಿವೃತ್ತಿಯವರೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, ನನ್ನ ಕೈಯಾಗ ಕಲ್ತ ಹುಡುಗಿ ಎಂದು ಮೆರೆದರು. ಬೀಳ್ಕೊಡುಗೆಯ ದಿನ ನನ್ನನ್ನೇ ಬಾಜೂಕೆ ಕೂಡಿಸಿಕೊಂಡು ಕುಂದಾ ತಿನ್ನಿಸಿದರು. ನಾನು ತಿಂದೆ. ಹುಡುಗಿ ಆಗ ಹತ್ತನೆಯ ಇಯತ್ತೆಯಲ್ಲಿದ್ದಳು, ಪರೀಕ್ಷೆ ಇನ್ನೂ ಬಾಕಿ ಇತ್ತು. ಮುಂದೆ ಅದನ್ನೂ ಪಾಸಾದಳು.

ಈಗ ನನಗೆ ಯಾರ ಸಹಿಯೂ ಬೇಕಾಗಿಲ್ಲ. ಆದ್ದರಿಂದ ಅವತ್ತು ನುಂಗಿದ್ದನ್ನು ಇಲ್ಲಿ ಉಗುಳುತ್ತೇನೆ. ಸರ್, ಆ ಹಲಗೆಯ ಹತ್ತಿರ ನೀವು ನನ್ನೊಬ್ಬಳನ್ನೇ ಕರೆಯುತ್ತಿರಲಿಲ್ಲ. ನನ್ನ ಜೊತೆ ಖಾನಾಪುರದ ಗಾಡಿಯಲ್ಲಿ ಬರುತ್ತಿದ್ದ ಇನ್ನೂ ನಾಲ್ವರು ಹುಡುಗಿಯರನ್ನು ಕರೆಯುತ್ತಿದ್ದಿರಿ. ಅವರ ಅಪ್ಪಂದಿರನ್ನೂ ಕರೆಸಿದ್ದಿರಿ. ನಾಲ್ವರೂ ಹತ್ತನೆಯ ಇಯತ್ತೆ ಮುಟ್ಟಲಿಲ್ಲ. ಅದೂ ನಿಮ್ಮಿಂದನರಿ.