ಆರಕ್ಕೇರಿದ ನೀರು

ಸೇತುವೆಯ ಕೆಳಗಿನ ಅಳತೆಗಂಬವನ್ನು ಓದುವುದು ಆಕೆಯ ಕೆಲಸ. ಮೊದಲು ಗಂಡ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಆಕೆಯ ಪಾಲಿಗೆ ಬಂತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಲ್ಲುಮೆಟ್ಟಿಲಿಳಿದು ನೀರು ಯಾವ ಗೆರೆ ಮುಟ್ಟಿದೆಯೆಂದು ನೋಡಬೇಕು. ಮೇಲೆ ಬಂದು ನೀರಿನ ಕಚೇರಿಗೆ ಫೋನು ಮಾಡಬೇಕು. ಎದುರು ಸಿಕ್ಕವರೆಲ್ಲ “ಇವತ್ತು ಎಷ್ಟಡಿ?” ಎಂದು ಕೇಳಿ ಕೇಳಿ, ಅಡಿಯಮ್ಮ ಎಂಬ ಹೆಸರೇ ಅಂಟಿಕೊಂಡಿತ್ತು. ಆರಕ್ಕೇರದ, ಮೂರಕ್ಕಿಳಿಯದ ಬದುಕು; ಆಕೆಗೆ ಅದರ ಬಗ್ಗೆ ದೂರಿರಲಿಲ್ಲ.

ಮಾತಿನಲ್ಲಿ ಮಾತ್ರ ಕಡು ಜಿಪುಣಿ. ಫೋನಿನಲ್ಲಿ ಬರೀ ಅಂಕಿ ಹೇಳಿ ಇಟ್ಟುಬಿಡುವಳು. ಒಮ್ಮೆ “ಏಳು” ಎಂದಾಗ, ಮೇಜಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ ಗುಮಾಸ್ತ ತನ್ನನ್ನೇ ಎಬ್ಬಿಸುತ್ತಿದ್ದಾಳೆಂದು ದಡಬಡಿಸಿ ಎದ್ದು ನಿಂತನಂತೆ.

ಆ ಅಂಕಿ ಕಚೇರಿಯಿಂದ ಕೆಳಗಿನ ಊರಿನ ಮೈಕಿನವನಿಗೆ ಹೋಗುತ್ತಿತ್ತು. ಅವನು ಸೈಕಲ್ಲಿಗೆ ಮೈಕು ಕಟ್ಟಿಕೊಂಡು ತಗ್ಗಿನ ಬೀದಿಗಳಲ್ಲಿ ಕೂಗುತ್ತಿದ್ದ. ಹತ್ತರವರೆಗೆ ಯಾರೂ ತಲೆಯೆತ್ತುತ್ತಿರಲಿಲ್ಲ. ಹದಿನೈದೆಂದರೆ ಸಾಮಾನು ಅಟ್ಟಕ್ಕೇರಿಸುತ್ತಿದ್ದರು. ಹದಿನೆಂಟೆಂದರೆ ಮನೆಗೆ ಬೀಗ ಹಾಕಿ ದಿಬ್ಬ ಹತ್ತುತ್ತಿದ್ದರು. ಅಡಿಯಮ್ಮನ ತಂಗಿಯ ಮನೆ ಆ ಬೀದಿಗಳಲ್ಲೊಂದರಲ್ಲಿತ್ತು. ಗಂಡ ಹೆಂಡತಿ ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ಜೊತೆಗೆ ಹಾಸಿಗೆ ಹಿಡಿದ ಅತ್ತೆ.

ಬೇಸಿಗೆಯಲ್ಲಿ ಹಳೆಯ ಕಂಬ ಕಿತ್ತು ಮೀಟರಿನ ಕಂಬ ನೆಟ್ಟರು. “ಇಷ್ಟು ದಿನ ಬರೀ ಅಡಿಯಮ್ಮ, ಈಗ ನಮ್ಮಕ್ಕನಿಗೆ ಮೀಟರೂ ಬಂತು” ಎಂದು ತಂಗಿ ನಕ್ಕಳು. ಒಂದು ಮೀಟರಿಗೆ ಮೂರಡಿ ಮೂರಿಂಚು, ಮೇಲೊಂದು ಚೂರು. ಲೆಕ್ಕ ಕಷ್ಟವಾಗಿರಲಿಲ್ಲ. ಆಕೆ ಕಂಬದಲ್ಲಿದ್ದುದನ್ನು ಹೇಳುತ್ತಿದ್ದಳು. ಹಳೆಯ ಗುಮಾಸ್ತ ಅದನ್ನು ಅಡಿಗೆ ತಿರುಗಿಸಿ ಮೈಕಿನವನಿಗೆ ದಾಟಿಸುತ್ತಿದ್ದ. ಹಾಗೇ ನಡೆಯುತ್ತಿತ್ತು.

ಆ ದಿನ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಮಳೆ ಎಲ್ಲೋ ಮೇಲೆ, ಬೆಟ್ಟದಾಚೆ ಬಿದ್ದಿತ್ತು. ಬೆಳಿಗ್ಗೆ ನೀರು ನಾಲ್ಕೂವರೆಯಲ್ಲಿತ್ತು. ಮಧ್ಯಾಹ್ನ ಇಳಿದಾಗ ಕೆಳಗಿನ ಮೆಟ್ಟಿಲುಗಳು ಕಾಣಲಿಲ್ಲ. ಸದಾ ಕಲ್ಲಿಗೆ ಬಡಿದು ಗೊಣಗುವ ಹೊಳೆ ಸದ್ದಡಗಿ, ಕೆಂಪಗೆ, ದಪ್ಪಗೆ ಸರಿಯುತ್ತಿತ್ತು. ಬೇರುಸಮೇತ ಒಂದು ಮರ ಹೋಯಿತು. ಅದರ ಹಿಂದೆ ಒಂದು ಬಾಗಿಲು, ಚಿಲಕ ಹಾಕಿದ್ದು ಹಾಕಿದ ಹಾಗೇ. ಆಕೆ ಗೆರೆ ನೋಡಿ ಮೇಲೆ ಓಡಿ ಬಂದು “ಆರು” ಎಂದಳು, ಫೋನಿಟ್ಟಳು.

ದಿಬ್ಬ ಹತ್ತಿಯಾಯಿತೋ ಇಲ್ಲವೋ ಎಂದು ಕೇಳಲು ಸ್ವಲ್ಪ ಹೊತ್ತಿನ ಮೇಲೆ ತಂಗಿಗೆ ಫೋನು ಮಾಡಿದಳು.

“ದಿಬ್ಬ ಯಾಕಕ್ಕಾ? ಬಿಸಿಲು ಚೆನ್ನಾಗಿದೆ, ಬಟ್ಟೆ ಒಣಗಾಕ್ತಿದೀನಿ.”

“ಮೈಕಿನವನು ಬರ್ಲಿಲ್ವಾ?”

“ಬಂದಿದ್ನಲ್ಲ. ಆರು ಅಂದ. ಆರಡಿಗೆ ಯಾರಾದ್ರೂ ಮನೆ ಬಿಡ್ತಾರಾ?”

ಹಳೆಯ ಗುಮಾಸ್ತ ಮಗಳ ಮದುವೆಗೆಂದು ರಜೆ ಹಾಕಿದ್ದ. ಬದಲಿಗೆ ಕೂತವನು ಕೇಳಿದ್ದನ್ನು ಕೇಳಿದ ಹಾಗೆ ದಾಟಿಸಿದ್ದ. ಅಡಿಯಮ್ಮನಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗುವಷ್ಟು ಹೊತ್ತು ಆಕೆ ಫೋನು ಹಿಡಿದದ್ದೂ ಇಲ್ಲ.

“ಅಡಿ ಅಲ್ಲ ಕಣೇ, ಮೀಟರು. ಅಡಿ ಲೆಕ್ಕದಲ್ಲಿ ಹತ್ತೊಂಬತ್ತೂವರೆ ದಾಟಿದೆ.”

ತಂಗಿ ಮೆಲ್ಲಗೆ ಹೇಳಿದಳು: “ಅಕ್ಕಾ, ಹಿತ್ತಲ ಚರಂಡಿಯಿಂದ ನೀರು ವಾಪಸ್ ಬರ್ತಿದೆ. ಕಸ ಕಟ್ಕೊಂಡಿರ್ಬೇಕು ಅಂತ ಆಗ್ಲಿಂದ ಕೋಲಲ್ಲಿ ಚುಚ್ತಾ ಇದೀನಿ.”

“ಕೋಲು ಬಿಸಾಕು. ಅತ್ತೇನ ಎತ್ಕೊಂಡು ಹೊರಡಿ. ಪಕ್ಕದ ಬಾಗಿಲುಗಳನ್ನ ಬಡಿ.”

ಅಡಿಯಮ್ಮ ಮತ್ತೆ ಕಚೇರಿಗೆ ಫೋನು ಮಾಡಿದಳು. ಈ ಸಲ ಬಿಡಿಸಿ ಬಿಡಿಸಿ ಹೇಳಿದಳು. ಆಮೇಲೆ ಸೇತುವೆಯ ಮೇಲೆ ನಿಂತಳು. ಮಾಡುವುದಕ್ಕೆ ಬೇರೇನೂ ಇರಲಿಲ್ಲ. ಕಂಬದ ಮೇಲಿನ ಗೆರೆಗಳು ಒಂದೊಂದಾಗಿ ಮುಳುಗುತ್ತಿದ್ದವು.

ತಂಗಿ ಮತ್ತು ಅವಳ ಗಂಡ ಬಟ್ಟೆ ಹಿಂಡುವ ಹಲಗೆಯ ಮೇಲೆ ಅತ್ತೆಯನ್ನು ಮಲಗಿಸಿ ಹೊತ್ತು ದಿಬ್ಬದ ದಾರಿ ಹಿಡಿದರು. ಬೀದಿಯವರೆಲ್ಲ ಹಿಂದೆ ಮುಂದೆ. ಅಷ್ಟರಲ್ಲಿ ಎದುರಿನಿಂದ ಮೈಕಿನವನು ಸೈಕಲ್ಲು ತುಳಿಯುತ್ತ ಬಂದ. ಎಲ್ಲರೂ ಮೇಲೆ ಹೋಗುವಾಗ ಅವನೊಬ್ಬ ಕೆಳಗೆ ಹೋಗುತ್ತಿದ್ದ.

“ಎಲ್ಲಿಗಣ್ಣಾ, ಎಲ್ರೂ ಬಂದಾಯ್ತು” ಎಂದಳು ತಂಗಿ.

“ಕೊನೇ ಬೀದಿಗೂ ಆರು ಅಂತ ಕೂಗಿ ಬಂದಿದೀನಮ್ಮಾ. ನಾನು ಹೇಳಿದ್ದನ್ನ ನಾನೇ ತಿದ್ಬೇಕಲ್ಲ.”

‘ಹತ್ತೊಂಬತ್ತು, ಹತ್ತೊಂಬತ್ತು’ ಎಂಬ ಕೂಗು ದಿಬ್ಬದ ಮೇಲಿನವರಿಗೆ ಬಹಳ ಹೊತ್ತು ಕೇಳಿಸುತ್ತಿತ್ತು. ಕೊನೆಯ ಬೀದಿಯವರೂ ಮಕ್ಕಳುಮರಿ ಕಟ್ಟಿಕೊಂಡು ಹತ್ತಿ ಬಂದರು. ನೀರು ಎದುರಿನಿಂದ ಬರಲಿಲ್ಲ. ಚರಂಡಿಯ ಓಣಿಯಿಂದ, ಬೆನ್ನಿನ ಕಡೆಯಿಂದ ಬಂತು. ಮೈಕಿನ ದನಿ ಮಾತಿನ ನಡುವೆಯೇ ನಿಂತಿತು.

ನೀರಿಳಿದ ಮೇಲೆ ವಿಚಾರಣೆಗೆ ಕರೆದರು. ಅಧಿಕಾರಿ ಗದರಲಿಲ್ಲ.

“ನೀವು ಏನಂದ್ರಿ?”

“ಆರು ಅಂದೆ.”

“ಆರು ಏನು?”

“ಅದನ್ನ ಹೇಳ್ಲಿಲ್ಲ” ಎಂದಳು ಅಡಿಯಮ್ಮ. ಬೆಂಚಿನ ಆ ತುದಿಯಲ್ಲಿ ಕೂತಿದ್ದ ಬದಲಿ ಗುಮಾಸ್ತ, “ನಾನೂ ಕೇಳ್ಲಿಲ್ಲ ಸಾರ್” ಎಂದ. ಯಾರ ಕೆಲಸವೂ ಹೋಗಲಿಲ್ಲ.

ಒಂದು ಮಧ್ಯಾಹ್ನ ಮೈಕಿನವನ ಹೆಂಡತಿ ಸೇತುವೆಗೆ ಬಂದು, ಆರು ಎಲ್ಲಿದೆ ತೋರಿಸಬೇಕೆಂದಳು. ಇಬ್ಬರೂ ಮೆಟ್ಟಿಲಿಳಿದರು. ಹೊಳೆ ಕಂಬದ ಬುಡದಲ್ಲಿ ಏನೂ ಅರಿಯದಂತೆ ಹರಿಯುತ್ತಿತ್ತು. ಅಡಿಯಮ್ಮ ಕೈಯೆತ್ತಿ ಮೇಲೆ ತೋರಿಸಿದಳು. ಆ ಹೆಂಗಸು ಕತ್ತೆತ್ತಿ ನೋಡಿಯೇ ನೋಡಿದಳು.

“ನಾನು ಮನೇಲಿ ಇವ್ರಿಗೆ, ಆರು ತಾನೇ, ಕೂಗಿ ಬಂದಾಯ್ತಲ್ಲ, ಕೂತು ಊಟ ಮಾಡಿ ಅಂದಿದ್ದೆ” ಎಂದಳು. “ಉಣ್ತಾ ಇದ್ದಾಗ ಎರಡನೇ ಫೋನು ಬಂತು.”

ಅಡಿಯಮ್ಮ ಜಾರುವ ಮೆಟ್ಟಿಲುಗಳಲ್ಲಿ ಅವಳ ಕೈ ಹಿಡಿದು ಮೇಲಕ್ಕೆ ಕರೆತಂದಳು. ರಸ್ತೆ ಸಿಕ್ಕಿದ ಮೇಲೂ ಇಬ್ಬರಲ್ಲಿ ಯಾರೂ ಕೈ ಬಿಡಲಿಲ್ಲ. ಬೆಟ್ಟದ ಕಡೆ ಆಕಾಶ ಮತ್ತೆ ಕಪ್ಪಿಡುತ್ತಿತ್ತು.